ನೆಲವೇ ಡೊಂಕಾಗಿತ್ತು: ಮನೆಯಲ್ಲೇ ಉಗುರಿಗೆ ನೀರಿನ ಮಾರ್ಬಲ್

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನನ್ನ ತಂಗಿ ಮೂರು ಭಾನುವಾರ ಬಿಡದೆ ನನಗೆ ಹೇಳಿದಳು. ನಾನು ಮೇಜಿನ ಮೇಲೆ ಹಳೆ ಪೇಪರ್ ಹಾಸಿ, ನೀರಿನ ಲೋಟದ ಮುಂದೆ ಕೂತು, ನೀಲಿ ನೇಲ್ ಪಾಲಿಶ್‌ನ ಹನಿ ಬಿಡುತ್ತಿದ್ದೆ. ಹನಿ ನೀರಿನ ಮೇಲೆ ತೆಳ್ಳಗೆ ಹರಡಬೇಕಿತ್ತು. ಹರಡಿದ ಬಣ್ಣದಲ್ಲಿ ಟೂತ್‌ಪಿಕ್‌ನಿಂದ ಗೆರೆ ಎಳೆದು, ಉಗುರು ಅದ್ದಿ ಆ ವಿನ್ಯಾಸವನ್ನು ಎತ್ತಿಕೊಳ್ಳುವುದೇ ನೀರಿನ ಮಾರ್ಬಲ್. ಅದು ಗುಂಡುಸೂಜಿಯ ತಲೆಯ ಹಾಗೆ ಗುಂಡಗೆ ನಿಲ್ಲುತ್ತಿತ್ತು, ಇಲ್ಲವೇ ಸೀದಾ ತಳ ಸೇರುತ್ತಿತ್ತು. "ನೀರೇ ಸರಿ ಇಲ್ಲ ಕಣೇ" ಅಂದೆ. "ಹೂಂ ಅಕ್ಕ, ನೆಲ ಡೊಂಕು" ಅಂದಳು.

ನಾಲ್ಕನೇ ಭಾನುವಾರ ಅವಳೇ ಕೂತಳು. ಅದೇ ಬಾಟಲಿ, ಅದೇ ನೀರು. ಲೋಟ ಮಾತ್ರ ಬೇರೆ. ನನ್ನದು ಗಾಜಿನದು, ಅವಳದು ಒಮ್ಮೆ ಬಳಸಿ ಬಿಸಾಡುವ ಪೇಪರ್ ಕಪ್. ಹನಿ ಬಿದ್ದದ್ದೇ ತಡ, ನೀಲಿ ಬಣ್ಣ ಕಪ್‌ನ ಅಂಚಿನವರೆಗೆ ಓಡಿತು. ನನ್ನ ಗಾಜಿನ ಲೋಟವನ್ನು ಸಾಬೂನು ಹಾಕಿ ತೊಳೆದು, ಅರ್ಧಂಬರ್ಧ ಜಾಲಿಸಿ ಇಟ್ಟಿದ್ದೆ. ಅದರಲ್ಲಿ ಉಳಿದಿದ್ದ ಸಾಬೂನಿನ ಜಿಡ್ಡೇ ಇಷ್ಟು ದಿನ ಕಾಡಿದ್ದು. ಅಂದರೆ ನೆಲ ನಿಜವಾಗಿಯೂ ಡೊಂಕಾಗಿತ್ತು!

ಇದನ್ನು ಮೊದಲೇ ಹೇಳೋಕೆ ಕಾರಣ ಇದೆ. ಈ ಕೆಲಸದಲ್ಲಿ ಸೋತವರೆಲ್ಲ "ನನ್ನ ಕೈಗೆ ಇದು ಒಗ್ಗಲ್ಲ" ಅಂದುಕೊಂಡು ಬಿಟ್ಟುಬಿಡುತ್ತಾರೆ. ಕೈಯ ತಪ್ಪು ತುಂಬಾ ಕಡಿಮೆ. ಹೆಚ್ಚಿನ ಸಲ ತಪ್ಪು ನೀರಿನದು, ಲೋಟದ್ದು, ಹಳೆ ಬಾಟಲಿಯದು, ತಲೆ ಮೇಲೆ ತಿರುಗುವ ಫ್ಯಾನಿನದು. ಅವನ್ನು ಸರಿ ಮಾಡಿಕೊಂಡರೆ ನಡುಗುವ ಕೈಯಲ್ಲೂ ಚೆನ್ನಾಗಿ ಬರುತ್ತದೆ. ನಾನು ಎಡಗೈಯವಳು, ಕನ್ನಡಕ ಹಾಕುವವಳು, ಮೊನ್ನೆಮೊನ್ನೆವರೆಗೆ ಉಗುರು ಕಚ್ಚುತ್ತಿದ್ದವಳು. ನನಗೇ ಬಂತು.

ಮಾರ್ಬಲ್ ಅಂದಾಗ ಜನ ಎರಡು ಬೇರೆ ಬೇರೆ ವಿನ್ಯಾಸ ಹೇಳುತ್ತಾರೆ. ಒಂದು, ಬಣ್ಣಗಳು ಸುಳಿ ಸುಳಿಯಾಗಿ, ಬಳೆಯೊಳಗೆ ಬಳೆಯಾಗಿ ಕಾಣುವುದು. ಇದನ್ನು ನೀರಿನ ಮೇಲೆ ಮಾಡುತ್ತಾರೆ. ಇನ್ನೊಂದು, ಬಿಳಿ ಅಮೃತಶಿಲೆಯಲ್ಲಿ ಬೂದು ಗೆರೆ ಹರಿದ ಹಾಗೆ ಕಾಣುವುದು. ಇದಕ್ಕೆ ನೀರು ಬೇಡ, ಸಣ್ಣ ಬ್ರಷ್ ಸಾಕು. ಇಲ್ಲಿ ಜಾಸ್ತಿ ಹೇಳುವುದು ಮೊದಲನೆಯದರ ಬಗ್ಗೆ. ಎರಡನೆಯದು ಕೊನೆಯಲ್ಲಿ ಚಿಕ್ಕದಾಗಿ ಬರುತ್ತದೆ.

ಮೊದಲು ನೀರು

ನೀರಿನ ಮೇಲ್ಮೈ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಯ ಹಾಗೆ ಇರುತ್ತದೆ. ನೇಲ್ ಪಾಲಿಶ್‌ನಲ್ಲಿ ಬಣ್ಣದ ಜೊತೆ ನೈಟ್ರೋಸೆಲ್ಯುಲೋಸ್ ಅನ್ನುವ ಪೊರೆ ಕಟ್ಟುವ ವಸ್ತು ಇರುತ್ತದೆ. ಅದನ್ನು ಕರಗಿಸಿಡಲು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಅನ್ನುವ ದ್ರಾವಕಗಳನ್ನು ಹಾಕಿರುತ್ತಾರೆ. ಬಾಟಲಿ ತೆಗೆದಾಗ ಮೂಗಿಗೆ ಬಡಿಯುವ ವಾಸನೆ ಇವುಗಳದ್ದೇ. ಈ ದ್ರಾವಕಗಳ ಮೇಲ್ಮೈ ಬಿಗಿ ನೀರಿನದರ ಮೂರನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಹನಿ ಬಿದ್ದ ಕೂಡಲೇ ಸುತ್ತಲಿನ ನೀರು ಅದನ್ನು ಎಲ್ಲ ಕಡೆಗೂ ಎಳೆಯುತ್ತದೆ. ಹನಿ ತಾನಾಗಿ ಹರಡುವುದಲ್ಲ, ನೀರೇ ಎಳೆದು ಹರಡುವುದು. ನೀರಿಗೆ ಸಾಬೂನು ಸೇರಿದರೆ ಆ ಬಿಗಿ ಸಡಿಲವಾಗುತ್ತದೆ, ಎಳೆಯುವ ಶಕ್ತಿ ಹೋಗುತ್ತದೆ. ನನ್ನ ಗಾಜಿನ ಲೋಟದಲ್ಲಿ ಆದದ್ದು ಇದೇ. ಕೈಗೆ ಹಚ್ಚಿಕೊಂಡ ಕ್ರೀಮು, ಎಣ್ಣೆ ನೀರಿಗೆ ಸೇರಿದರೂ ಇದೇ ಕಥೆ.

ನೀರು ಕೋಣೆಯ ಬಿಸಿಯಲ್ಲೇ ಇರಲಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಥರ್ಮಾಮೀಟರ್ ಬೇಡ, ಬೆರಳು ಅದ್ದಿ ನೋಡಿ. ತಣ್ಣಗೂ ಅನ್ನಿಸಬಾರದು, ಬೆಚ್ಚಗೂ ಅನ್ನಿಸಬಾರದು. ತಣ್ಣನೆ ನೀರಲ್ಲಿ ಪಾಲಿಶ್ ಗಟ್ಟಿಯಾಗಿ ಹರಡದೆ ನಿಲ್ಲುತ್ತದೆ. ಬಿಸಿ ನೀರಲ್ಲಿ ದ್ರಾವಕ ಬೇಗ ಹಾರಿಹೋಗಿ, ನೀವು ಗೆರೆ ಎಳೆಯುವ ಮುಂಚೆಯೇ ಪೊರೆ ಒಣಗಿರುತ್ತದೆ. ನಾನು ಫಿಲ್ಟರ್ ನೀರನ್ನು ಹಿಂದಿನ ರಾತ್ರಿಯೇ ಜಗ್ಗಿನಲ್ಲಿ ತುಂಬಿ, ಮುಚ್ಚಿ ಮೇಜಿನ ಮೇಲೆ ಇಡುತ್ತೇನೆ. ಬೆಳಿಗ್ಗೆಗೆ ಅದು ಕೋಣೆಯಷ್ಟೇ ಬೆಚ್ಚಗಿರುತ್ತದೆ. ಕೆಲಸದ ನಡುವೆ ನೀರು ಬದಲಿಸಬೇಕಾದಾಗಲೂ ಅದೇ ಜಗ್ಗಿನಿಂದ ಸುರಿದುಕೊಳ್ಳಬಹುದು.

ಕಪ್ ಚಿಕ್ಕದಿರಲಿ. ಬಾಯಿ ಆರೇಳು ಸೆಂಟಿಮೀಟರ್ ಇದ್ದರೆ ಧಾರಾಳ. ಅಗಲವಾದ ಬಟ್ಟಲಲ್ಲಿ ಹನಿ ತುಂಬಾ ದೂರ ಓಡಿ ಬಣ್ಣ ಪೇಲವವಾಗುತ್ತದೆ, ಪಾಲಿಶ್ ಕೂಡ ಸುಮ್ನೆ ಖರ್ಚು. ನೀರನ್ನು ಅಂಚಿಗಿಂತ ಒಂದು ಬೆರಳಿನಷ್ಟು ಕೆಳಗೆ ಬರುವಂತೆ ತುಂಬಿ. ಕಮ್ಮಿ ತುಂಬಿದರೆ ಬೆರಳನ್ನು ಓರೆಯಾಗಿ ಇಳಿಸೋಕೆ ಕಪ್ಪಿನ ಗೋಡೆ ಬಿಡುವುದಿಲ್ಲ. ಬಿಸಾಡುವ ಕಪ್ ಇಷ್ಟವಿಲ್ಲ ಅಂದರೆ ಹಳೆ ಗಾಜಿನ ಲೋಟ ಒಂದನ್ನು ಇದಕ್ಕೇ ಮೀಸಲಿಡಿ. ಮತ್ತೆ ಅದರಲ್ಲಿ ನೀರು ಕುಡಿಯಬೇಡಿ. ಸಾಬೂನಿನಲ್ಲಿ ತೊಳೆದರೆ ಐದಾರು ಸಲ ಜಾಲಿಸಿ.

ಬಾಟಲಿಗಳು

ಎಲ್ಲ ಪಾಲಿಶ್ ಹರಡುವುದಿಲ್ಲ. ಹೊಸ ಬಾಟಲಿ, ತೆಳ್ಳಗಿನದು, ಮಿನುಗು ಇಲ್ಲದ ಸಾದಾ ಬಣ್ಣ, ಇವು ಚೆನ್ನಾಗಿ ಹರಡುತ್ತವೆ. ಗ್ಲಿಟರ್, ಮ್ಯಾಟ್ (ಹೊಳಪಿಲ್ಲದ್ದು) ಹಾಗೂ ಬೇಗ ಒಣಗುತ್ತದೆ ಎಂದು ಮೇಲೆ ಬರೆದಿರುವ ಪಾಲಿಶ್ ಬೇಡ. ಬೇಗ ಒಣಗುವುದು ಬೇರೆ ದಿನ ವರ, ಇಲ್ಲಿ ಶಾಪ. ಜೆಲ್ ಪಾಲಿಶ್ ಕೂಡ ಬೇಡ. ಅದು ಗಾಳಿಗೆ ಒಣಗುವುದಿಲ್ಲ, ಗಟ್ಟಿಯಾಗಲು ಲ್ಯಾಂಪ್ ಬೇಕು. ನೀರಿನ ಮೇಲೆ ಈ ಕೆಲಸಕ್ಕೆ ಅದು ಬರುವುದಿಲ್ಲ.

ಕೂರುವ ಮುಂಚೆ ಪ್ರತಿ ಬಾಟಲಿಯಿಂದ ಒಂದೊಂದು ಹನಿ ನೀರಿಗೆ ಬಿಟ್ಟು ನೋಡಿ. ಯಾವುದು ಓಡುತ್ತದೆ, ಯಾವುದು ಮುಷ್ಕರ ಹೂಡುತ್ತದೆ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ನನ್ನ ಹತ್ತಿರ ಹದಿನಾಲ್ಕು ಬಾಟಲಿ ಇದ್ದವು. ಹರಡಿದ್ದು ಆರು. ಹರಡುವ ಬಾಟಲಿಯ ಮುಚ್ಚಳದ ಮೇಲೆ ಬಿಳಿ ಚುಕ್ಕೆ ಇಟ್ಟಿದ್ದೇನೆ, ಪ್ರತಿ ಸಲ ಪರೀಕ್ಷೆ ಮಾಡುವುದು ತಪ್ಪುತ್ತದೆ.

ಇಷ್ಟದ ಬಣ್ಣ ಗಟ್ಟಿಯಾಗಿದ್ದರೆ ಅದಕ್ಕೆ ರಿಮೂವರ್ (ಪಾಲಿಶ್ ಅಳಿಸುವ ದ್ರವ) ಸುರಿಯೋಕೆ ಹೋಗಬೇಡಿ. ನಾನು ಸುರಿದು ಒಂದು ಚಂದದ ಹಸಿರು ಬಾಟಲಿಯನ್ನು ಹಾಳು ಮಾಡಿದ್ದೇನೆ. ರಿಮೂವರ್‌ನಲ್ಲಿರುವ ಅಸಿಟೋನ್ ಬಲು ಬೇಗ ಆರುತ್ತದೆ, ಪಾಲಿಶ್ ಇನ್ನಷ್ಟು ಗಂಟುಗಂಟಾಗುತ್ತದೆ. ನೇಲ್ ಪಾಲಿಶ್ ಥಿನ್ನರ್ ಅಂತಲೇ ಸಿಗುತ್ತದೆ. ಎರಡು ಮೂರು ಹನಿ ಹಾಕಿ, ಬಾಟಲಿಯನ್ನು ಎರಡು ಅಂಗೈ ನಡುವೆ ಇಟ್ಟು ಉರುಳಿಸಿ. ಕುಲುಕಿದರೆ ಗಾಳಿ ಗುಳ್ಳೆ ಸೇರಿ ಮುಂದೆ ಉಗುರಿನ ಮೇಲೆ ಕಾಣುತ್ತದೆ.

ಬಣ್ಣ ಎಷ್ಟು ಬೇಕು? ಮೊದಲ ಸಲ ಎರಡೇ. ಒಂದು ಗಾಢ, ಒಂದು ತಿಳಿ. ಗಾಢ ನೀಲಿ ಮತ್ತು ಬಿಳಿ ನನಗೆ ಇಂದಿಗೂ ಇಷ್ಟ. ಆಮೇಲೆ ಮೂರು ಮಾಡಿ. ಐದು ಬಣ್ಣ ಹಾಕಿದ ಚಿತ್ರಗಳನ್ನು ನೋಡಿ ಆಸೆಪಡಬೇಡಿ. ಐದು ಬಾಟಲಿಯಿಂದ ಹನಿ ಬಿಡುವಷ್ಟರಲ್ಲಿ ಮೊದಲನೇ ಬಣ್ಣ ಒಣಗಿ ಕೂತಿರುತ್ತದೆ.

ಉಗುರು, ಅದರ ಸುತ್ತಲಿನ ಚರ್ಮ

ಹಳೆ ಪಾಲಿಶ್ ತೆಗೆದು, ಅಂಚು ಫೈಲ್ ಮಾಡಿ, ಒಣಗಿದ ಉಗುರಿನ ಮೇಲೆ ಶುರು ಮಾಡಿ. ಸ್ನಾನ ಮಾಡಿದ ಕೂಡಲೇ, ಪಾತ್ರೆ ತೊಳೆದ ಕೂಡಲೇ ಬೇಡ. ಉಗುರು ನೀರು ಹೀರಿ ಸ್ವಲ್ಪ ಊದಿಕೊಂಡಿರುತ್ತದೆ. ಆಮೇಲೆ ಒಣಗಿ ಮೊದಲಿನ ಆಕಾರಕ್ಕೆ ಬಂದಾಗ ಮೇಲಿನ ಪಾಲಿಶ್ ಬಿರುಕು ಬಿಡುತ್ತದೆ. ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಹಚ್ಚುವ ಮುಂಚೆ ರಿಮೂವರ್‌ನಲ್ಲಿ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಿದರೆ ಜಿಡ್ಡು ಹೋಗುತ್ತದೆ.

ಮೊದಲು ಬೇಸ್ ಕೋಟ್, ಅಂದರೆ ಬಣ್ಣಕ್ಕಿಂತ ಮುಂಚೆ ಬರೀ ಉಗುರಿಗೆ ಹಚ್ಚುವ ಅಡಿ ಪದರ. ಅದರ ಮೇಲೆ ಬಿಳಿ ಪಾಲಿಶ್, ತೆಳ್ಳಗೆ ಎರಡು ಸಲ. ಈ ಬಿಳಿಯನ್ನು ಬಿಟ್ಟುಬಿಡೋಣ ಅಂತ ಎಲ್ಲರಿಗೂ ಒಮ್ಮೆ ಅನ್ನಿಸುತ್ತದೆ. ಬಿಡಬೇಡಿ. ನೀರಿನ ಮೇಲೆ ಹರಡಿದ ಪೊರೆ ಎಷ್ಟು ತೆಳು ಅಂದರೆ ಬಣ್ಣ ಅರ್ಧ ಪಾರದರ್ಶಕ. ಬರೀ ಉಗುರಿನ ಮೇಲೆ ಅದು ತೊಳೆದು ತೊಳೆದು ಮಾಸಿದ ಬಟ್ಟೆಯ ಹಾಗೆ ಕಾಣುತ್ತದೆ. ಬಿಳಿ ಇದ್ದರೆ ಬೆಳಕು ಹಿಂದಕ್ಕೆ ಬಂದು ಬಣ್ಣ ಎದ್ದು ಕಾಣುತ್ತದೆ.

ಬಿಳಿ ಪೂರ್ತಿ ಒಣಗಬೇಕು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ನಾನು ಅರ್ಧ ಗಂಟೆ ಗಡಿಯಾರ ನೋಡಿ ಕಾಯುತ್ತೇನೆ. ಅಷ್ಟರಲ್ಲಿ ಬೇರೆಲ್ಲ ಸಾಮಾನು ಜೋಡಿಸಿಕೊಳ್ಳಬಹುದು. ಎರಡು ಉಗುರನ್ನು ಮೆಲ್ಲಗೆ ಒಂದಕ್ಕೊಂದು ತಾಗಿಸಿ ನೋಡಿ. ಅಂಟಿದ ಹಾಗೆ ಅನ್ನಿಸಿದರೆ ಇನ್ನೂ ಕಾಯಿರಿ.

ಈಗ ಚರ್ಮಕ್ಕೆ ಕಾವಲು. ಬೆರಳು ನೀರಿಗಿಳಿದಾಗ ಪೊರೆ ಉಗುರಿಗೆ ಮಾತ್ರ ಅಂಟುವುದಿಲ್ಲ, ಮೊದಲ ಗೆಣ್ಣಿನವರೆಗೆ ಸುತ್ತಿಕೊಳ್ಳುತ್ತದೆ. ಇದಕ್ಕೆಂದೇ ಹಚ್ಚಿ ಸುಲಿಯುವ ದ್ರವ ಬರುತ್ತದೆ. ಅದರಲ್ಲಿ ಕೆಲವು ಲೇಟೆಕ್ಸ್‌ನಿಂದ ಮಾಡಿದ್ದು, ಲೇಟೆಕ್ಸ್ ಅಲರ್ಜಿ ಇರುವವರು ನೋಡಿ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಮಕ್ಕಳು ಕಾಗದ ಅಂಟಿಸುವ ಬಿಳಿ ಅಂಟು ಸಾಕು. ಉಗುರಿನ ಸುತ್ತ ಹಚ್ಚಿ, ಬಿಳಿ ಹೋಗಿ ಗಾಜಿನ ಹಾಗೆ ಆಗುವವರೆಗೆ ಒಣಗಲು ಬಿಡಿ, ಆಮೇಲೆ ಸುಲಿದರೆ ಬಣ್ಣದ ಜೊತೆ ಎದ್ದು ಬರುತ್ತದೆ. ಇದು ನೀರಲ್ಲಿ ನಿಧಾನಕ್ಕೆ ಮೆತ್ತಗಾಗುತ್ತದೆ, ಹಾಗಾಗಿ ಬೆರಳನ್ನು ಜಾಸ್ತಿ ಹೊತ್ತು ಮುಳುಗಿಸಬೇಡಿ. ಅಂಟು ಟೇಪ್ ಸುತ್ತುವವರೂ ಇದ್ದಾರೆ. ಪೆಟ್ರೋಲಿಯಂ ಜೆಲ್ಲಿ ಹಚ್ಚಬಹುದು ಅನ್ನುತ್ತಾರೆ, ನಾನು ಅದರ ಪರ ಇಲ್ಲ. ಒಂದು ಚೂರು ಉಗುರಿಗೆ ತಾಗಿದರೆ ಅಲ್ಲಿ ಪೊರೆ ಹಿಡಿಯುವುದೇ ಇಲ್ಲ. ಜೊತೆಗೆ ಜಿಡ್ಡು ನೀರಿಗೂ ಸೇರುತ್ತದೆ.

ಆ ಒಂದು ನಿಮಿಷ

ಇಲ್ಲಿಯವರೆಗಿನದು ತಾಳ್ಮೆಯ ಕೆಲಸ. ಇನ್ನು ಮುಂದಿನದು ಓಟದ ಕೆಲಸ. ಮೊದಲ ಹನಿ ನೀರಿಗೆ ಬಿದ್ದಾಗಿನಿಂದ ಪೊರೆ ಒಣಗಲು ಶುರು. ನನ್ನ ಕೋಣೆಯಲ್ಲಿ, ಫ್ಯಾನ್ ನಿಲ್ಲಿಸಿದಾಗ, ನನಗೆ ಸಿಗುವುದು ಸುಮಾರು ಒಂದು ನಿಮಿಷ. ಫ್ಯಾನ್ ತಿರುಗುತ್ತಿದ್ದರೆ ಅದರ ಅರ್ಧವೂ ಇಲ್ಲ. ಆದ್ದರಿಂದ ಫ್ಯಾನ್ ಆರಿಸಿ. ಕಿಟಕಿ ತೆರೆದಿರಲಿ, ವಾಸನೆ ಹೊರಗೆ ಹೋಗಬೇಕು, ಆದರೆ ಗಾಳಿ ನೇರವಾಗಿ ಕಪ್ಪಿನ ಮೇಲೆ ಬೀಸದ ಜಾಗದಲ್ಲಿ ಕೂರಿ. ಹತ್ತಿರದಲ್ಲಿ ಮೇಣದ ಬತ್ತಿ, ಒಲೆ, ಬೆಂಕಿ ಇರಲೇಬಾರದು. ಪಾಲಿಶ್, ಅಸಿಟೋನ್ ಎರಡೂ ಥಟ್ಟನೆ ಹೊತ್ತಿಕೊಳ್ಳುವ ವಸ್ತು.

ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದದ್ದು: ಎರಡು ಮೂರು ಟೂತ್‌ಪಿಕ್, ಏಳೆಂಟು ಇಯರ್‌ಬಡ್, ಮಡಚಿದ ಟಿಶ್ಯೂ, ರಿಮೂವರ್, ಒಂದು ಹಳೆ ಸಣ್ಣ ಬ್ರಷ್. ಬಾಟಲಿಗಳ ಮುಚ್ಚಳ ಮೊದಲೇ ಸಡಿಲ ಮಾಡಿ ಸುಮ್ನೆ ಮೇಲಿಟ್ಟಿರಿ. ಹನಿ ಬಿಟ್ಟಮೇಲೆ ಮುಚ್ಚಳ ಬಿಚ್ಚೋಕೆ ಒದ್ದಾಡಿದ ಪುಣ್ಯಾತ್ಮಳು ನಾನೇ.

ಬ್ರಷ್ ತುದಿಯಲ್ಲಿ ಹನಿ ತೂಗುತ್ತಿರಲಿ. ನೀರಿಗೆ ತೀರಾ ಹತ್ತಿರ ತನ್ನಿ, ಇನ್ನೇನು ತಾಗಿತು ಅನ್ನುವಷ್ಟು. ಹನಿ ತಾನೇ ಜಾರಿ ಇಳಿಯಲಿ. ಎತ್ತರದಿಂದ ಬಿಟ್ಟರೆ ನೀರಿನ ಮೇಲ್ಮೈ ಹರಿದುಕೊಂಡು ಸೀದಾ ತಳಕ್ಕೆ ಹೋಗುತ್ತದೆ. ಮೊದಲ ಹನಿ ಅರೆಮನಸ್ಸಿನಲ್ಲಿ ಹರಡಿದರೆ ಚಿಂತೆ ಬೇಡ, ಎರಡನೆಯದು ಅದರ ನಡುವೆ ಬಿದ್ದಾಗ ಸರಿಯಾಗುತ್ತದೆ. ನಡುವಿಗೆ ಸರಿಯಾಗಿ ನೀಲಿ, ಬಿಳಿ, ನೀಲಿ, ಬಿಳಿ. ಪ್ರತಿ ಹೊಸ ಹನಿ ಹಳೆಯದನ್ನು ಹೊರಕ್ಕೆ ತಳ್ಳಿ ಬಳೆಯೊಳಗೆ ಬಳೆ ಕಟ್ಟುತ್ತದೆ. ಐದಾರು ಬಳೆ ಸಾಕು.

ಇದೇನು ಹೊಸ ಕಂಡುಹಿಡಿತ ಅಲ್ಲ. ಜಪಾನಿನಲ್ಲಿ ಸುಮಿನಗಾಶಿ ಅಂತ ಹಳೆಯ ಕಲೆ ಇದೆ, ಹೆಸರಿನ ಅರ್ಥವೇ ತೇಲುವ ಶಾಯಿ. ನೀರಿನ ಮೇಲೆ ಶಾಯಿಯ ಬಳೆ ಬಿಡಿಸಿ ಕಾಗದ ಹಾಸಿ ಎತ್ತುತ್ತಾರೆ. ಟರ್ಕಿಯ ಎಬ್ರು ಕೂಡ ಅದೇ ಜಾತಿಯದು, 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಎಬ್ರು ಮಾಡುವವರು ನೀರಿಗೆ ಅಂಟು ಬೆರೆಸಿ ಮಂದ ಮಾಡಿಕೊಳ್ಳುತ್ತಾರೆ. ಹಾಗಾಗಿ ಅವರಿಗೆ ಗೆರೆ ಎಳೆಯೋಕೆ ಪುರುಸೊತ್ತು ಇದೆ. ನಮ್ಮ ಕಾಗದ ಒಂದು ಸೆಂಟಿಮೀಟರ್ ಅಗಲದ ಉಗುರು, ನಮ್ಮ ಬಣ್ಣ ಅವಸರದ ಬಣ್ಣ.

ಟೂತ್‌ಪಿಕ್ ತುದಿ ನೀರಿನ ಮೇಲ್ಮೈಯನ್ನು ಸವರಬೇಕು ಅಷ್ಟೇ, ಒಳಗೆ ಇಳಿಯಬಾರದು. ತೀರಾ ಹೊರಗಿನ ಬಳೆಯಿಂದ ಶುರು ಮಾಡಬೇಡಿ. ಅದು ಆಗಲೇ ಒಣಗಿ ಕಪ್ಪಿನ ಗೋಡೆಗೆ ಅಂಟಿರುತ್ತದೆ. ಅದನ್ನು ಎಳೆದರೆ ಇಡೀ ಪೊರೆ ಮೇಜುಬಟ್ಟೆ ಎಳೆದ ಹಾಗೆ ಬರುತ್ತದೆ. ಹೊರಗಿನಿಂದ ಎರಡನೇ ಅಥವಾ ಮೂರನೇ ಬಳೆಯಲ್ಲಿ ತುದಿ ಇಟ್ಟು ನಡುವಿನ ಕಡೆಗೆ ಎಳೆಯಿರಿ. ಪ್ರತಿ ಗೆರೆಯ ನಂತರ ತುದಿಯನ್ನು ಟಿಶ್ಯೂಗೆ ಒರೆಸಿ. ಒರೆಸದ ತುದಿಯಲ್ಲಿ ಬಣ್ಣ ಗಂಟಾಗಿ ಮುಂದಿನ ಗೆರೆಯನ್ನು ಹರಿಯುತ್ತದೆ.

ನಾಲ್ಕು ದಿಕ್ಕಿನಿಂದ ನಡುವಿಗೆ ಎಳೆದರೆ ನಾಲ್ಕು ದಳದ ಹೂವು. ಆ ಗೆರೆಗಳ ಮಧ್ಯೆ ನಡುವಿನಿಂದ ಹೊರಕ್ಕೆ ಮತ್ತೆ ನಾಲ್ಕು ಎಳೆದರೆ ದಳಗಳು ಚೂಪಾಗುತ್ತವೆ. ಅಕ್ಕಪಕ್ಕದಲ್ಲಿ ಮೇಲಿನಿಂದ ಕೆಳಗೆ ಒಂದು, ಕೆಳಗಿನಿಂದ ಮೇಲೆ ಒಂದು ಗೆರೆ ಎಳೆದರೆ ಹಕ್ಕಿಯ ಗರಿಯ ಹಾಗೆ ಕಾಣುತ್ತದೆ. ನನಗೆ ಗರಿಯೇ ಹೆಚ್ಚು ಇಷ್ಟ. ಅದರಲ್ಲಿ ಯಾವ ತುಂಡು ಉಗುರಿಗೆ ಬಂದರೂ ಚಂದ. ಹೂವಿನಲ್ಲಿ ಹಾಗಲ್ಲ. ಉಗುರು ಕೆಳಮುಖವಾಗಿ ಇಳಿಯುತ್ತದೆ, ಹೂವಿನ ನಡು ಎಲ್ಲಿ ತಾಗಿತು ಅಂತ ನಿಮ್ಮ ಬೆರಳೇ ಮರೆ ಮಾಡುತ್ತದೆ. ಇನ್ನೊಂದು ಮಾತು, ಉಗುರಿನ ಮೇಲೆ ವಿನ್ಯಾಸ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿ ಬರುತ್ತದೆ. ಓರೆ ಗೆರೆ ಯಾವ ಕಡೆಗೆ ಬಾಗಬೇಕು ಅಂತ ಯೋಚಿಸುವವರು ಇದನ್ನು ನೆನಪಿಡಿ.

ಎಷ್ಟು ಗೆರೆ ಎಳೆಯಬೇಕು? ನಾಲ್ಕರಿಂದ ಎಂಟು. ಬಣ್ಣಗಳು ನೀರಿನ ಮೇಲೆ ಬೆರೆಯುವುದಿಲ್ಲ, ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಆದರೆ ಎಳೆದಷ್ಟೂ ಗೆರೆ ಸಣ್ಣದಾಗುತ್ತಾ ಹೋಗಿ ಕಣ್ಣಿಗೆ ಎಲ್ಲ ಸೇರಿ ಒಂದೇ ಬೂದು ಬಣ್ಣವಾಗಿ ಕಾಣುತ್ತದೆ. ಕೈ ತಡೆಯಲಾರದೆ ಇನ್ನೊಂದು, ಇನ್ನೊಂದು ಅಂತ ಎಳೆದು ನಾನು ಕೆಸರು ಮಾಡಿಕೊಂಡ ದಿನಗಳು ತುಂಬಾ ಇವೆ.

ಈಗ ಅದ್ದುವುದು. ಉಗುರು ನೀರಿಗೆ ಮುಖ ಮಾಡಿ ಹೆಚ್ಚು ಕಡಿಮೆ ಸಮಾನಾಂತರವಾಗಿ ಇರಲಿ, ತುದಿ ಮಾತ್ರ ಕೂದಲೆಳೆಯಷ್ಟು ಮೇಲೆ. ನೇರ ನಿಲ್ಲಿಸಿ ಚುಚ್ಚಿದರೆ ಪೊರೆ ಉಗುರಿನ ಮೇಲೆ ಮಡಿಕೆ ಬೀಳುತ್ತದೆ. ಒಂದೇ ಸಮನೆ, ಮೆಲ್ಲಗೆ ಒತ್ತಿ. ಧಡಕ್ಕನೆ ಇಳಿಸಿದರೆ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಉಗುರು ಮುಳುಗಿದ ಮೇಲೆ ಅಲ್ಲಾಡಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು: ಬೆರಳು ಇನ್ನೂ ನೀರಿನೊಳಗೆ ಇರುವಾಗಲೇ ಮೇಲೆ ಉಳಿದ ಪೊರೆಯನ್ನು ತೆಗೆಯಬೇಕು. ಹತ್ತು ಸೆಕೆಂಡ್ ಮೆಲ್ಲಗೆ ಊದಿ, ಪೊರೆ ಒಣಗುತ್ತದೆ. ಇಯರ್‌ಬಡ್ ತಾಗಿಸಿ ಸುತ್ತುತ್ತಾ ಹೋಗಿ, ನೂಲು ಸುತ್ತಿದ ಹಾಗೆ ಎಲ್ಲ ಅದಕ್ಕೆ ಸುತ್ತಿಕೊಳ್ಳುತ್ತದೆ. ನೀರು ತಿಳಿಯಾದ ಮೇಲೆ ಬೆರಳು ಎತ್ತಿ. ಇದನ್ನು ಮರೆತು ಎತ್ತಿದರೆ ಹೊರಬರುವಾಗ ಉಗುರು ಮತ್ತೊಂದು ಪೊರೆಯನ್ನು ಹೊದ್ದುಕೊಂಡು ಬರುತ್ತದೆ, ಕೆಳಗಿನ ಚಂದವೆಲ್ಲ ಮುಚ್ಚಿಹೋಗುತ್ತದೆ.

ಉಗುರಿನ ಮೇಲೆ ನೀರಿನ ಹನಿಗಳು ಕೂತಿರುತ್ತವೆ. ಒರೆಸಬೇಡಿ. ಟಿಶ್ಯೂವಿನ ಮೂಲೆಯನ್ನು ಹನಿಗೆ ತಾಗಿಸಿ, ಅದೇ ಹೀರಿಕೊಳ್ಳುತ್ತದೆ. ಅಂಟನ್ನು ಸುಲಿಯಿರಿ. ಉಳಿದ ಬಣ್ಣವನ್ನು ಬ್ರಷ್‌ಗೆ ಸ್ವಲ್ಪ ಅಸಿಟೋನ್ ತಾಗಿಸಿ ಅಂಚಿನಲ್ಲಿ ಓಡಿಸಿ ತೆಗೆಯಿರಿ.

ಒಂದು ಬೆರಳಿಗೆ ಒಂದು ಪೊರೆ. ಎರಡು ಬೆರಳು ಒಟ್ಟಿಗೆ ಅದ್ದಿ ಸಮಯ ಉಳಿಸುವವರು ಇದ್ದಾರೆ, ಕೈ ಕುದುರಿದ ಮೇಲೆ ಅದು ಸರಿ. ಹೆಬ್ಬೆರಳಿಗಂತೂ ಪ್ರತ್ಯೇಕ ಪೊರೆಯೇ ಬೇಕು.

ಎರಡನೇ ಕೈಯ ಸಮಸ್ಯೆ

"ಒಂದು ಕೈ ಚೆನ್ನಾಗಿ ಬಂತು, ಇನ್ನೊಂದು ಕೈ ನೋಡೋ ಹಾಗಿಲ್ಲ" ಅನ್ನುವ ಮಾತು ಕೇಳಿಯೇ ಇರುತ್ತೀರಿ. ಬ್ರಷ್ ಹಿಡಿದು ಹಚ್ಚುವ ವಿನ್ಯಾಸಕ್ಕೆ ಅದು ನಿಜ. ನೀರಿನ ಮಾರ್ಬಲ್‌ಗೆ ಅಲ್ಲ. ಇಲ್ಲಿ ಚಿತ್ರ ಬಿಡಿಸುವುದು ಉಗುರಿನ ಮೇಲಲ್ಲ, ಕಪ್ಪಿನಲ್ಲಿ! ಹನಿ ಬಿಡುವುದು, ಗೆರೆ ಎಳೆಯುವುದು ಎರಡನ್ನೂ ನಿಮ್ಮ ಪಳಗಿದ ಕೈಯಲ್ಲೇ ಮಾಡಿ. ಟೂತ್‌ಪಿಕ್ ಕೆಳಗಿಟ್ಟು ಅದೇ ಕೈಯ ಬೆರಳನ್ನು ಅದ್ದಿ. ಇನ್ನೊಂದು ಕೈಗೆ ಉಳಿಯುವುದು ಇಯರ್‌ಬಡ್ ಸುತ್ತುವ ಕೆಲಸ ಮಾತ್ರ, ಅದಕ್ಕೆ ಚಳಕ ಬೇಡ. ನನಗೆ ಇದು ಹೊಳೆಯೋಕೆ ಎರಡು ತಿಂಗಳು ಹಿಡಿಯಿತು.

ಪಳಗಿದ ಕೈಯನ್ನು ಕೊನೆಗೆ ಮಾಡಿ. ನಾನು ಮೊದಲು ಬಲಗೈ ಐದೂ ಮುಗಿಸಿ, ಇಪ್ಪತ್ತು ನಿಮಿಷ ಸುಮ್ನೆ ಕೂತು, ಆಮೇಲೆ ಎಡಗೈಗೆ ಬರುತ್ತೇನೆ. ಎಡಗೈಯಲ್ಲಿ ಕಿರುಬೆರಳಿನಿಂದ ಶುರು, ಹೆಬ್ಬೆರಳು ಮತ್ತು ತೋರುಬೆರಳು ಕೊನೆಗೆ. ಟೂತ್‌ಪಿಕ್ ಹಿಡಿಯುವ ಬೆರಳುಗಳು ಕೊನೆಯವರೆಗೂ ಒಣಗಿರಬೇಕಲ್ವಾ?

ಮೊದಲ ದಿನವೇ ಹತ್ತೂ ಬೆರಳು ಮಾಡೋಕೆ ಹೋಗಬೇಡಿ. ಉಂಗುರ ಬೆರಳು ಎರಡಕ್ಕೆ ಮಾತ್ರ ಮಾರ್ಬಲ್, ಉಳಿದವಕ್ಕೆ ಅದೇ ನೀಲಿಯನ್ನು ಸಾದಾ ಹಚ್ಚಿ. ನೋಡೋಕೂ ಚೆನ್ನ, ಕೆಲಸವೂ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹತ್ತು ಬೆರಳಿಗೆ ನನಗೆ ಈಗಲೂ ಎರಡೂವರೆ ಗಂಟೆ ಬೇಕು.

ಟಾಪ್ ಕೋಟ್

ಇದು ಎಲ್ಲದರ ಮೇಲೆ ಕೊನೆಗೆ ಹಚ್ಚುವ ಪಾರದರ್ಶಕ ಪದರ. ಅದ್ದಿದ ಕೂಡಲೇ ಹಚ್ಚಬೇಡಿ. ಹದಿನೈದು ನಿಮಿಷ ಬಿಡಿ. ಬ್ರಷ್ ತುಂಬಾ ತೆಗೆದುಕೊಂಡು, ಒತ್ತದೆ, ತೇಲಿಸಿದ ಹಾಗೆ ಒಂದೇ ಎಳೆತದಲ್ಲಿ ಹಚ್ಚಿ. ಬ್ರಷ್‌ನ ಕೂದಲು ಪೊರೆಗೆ ಉಜ್ಜಿದರೆ ನೀಲಿ ಬಿಳಿಯ ಮೇಲೆ ಹರಿದಾಡುತ್ತದೆ. ಉಗುರಿನ ತುದಿಯ ಅಂಚಿಗೂ ಬ್ರಷ್ ತಾಗಿಸಿ, ಪಾಲಿಶ್ ಮೊದಲು ಏಳುವುದು ಅಲ್ಲಿಂದಲೇ. ಆ ದಿನ ಬಿಸಿನೀರು, ಪಾತ್ರೆ ತೊಳೆಯುವುದು ಬೇಡ. ಈ ನೆಪಕ್ಕೆ ನಮ್ಮ ಮನೆಯಲ್ಲಿ ಬೆಲೆ ಇಲ್ಲ, ನಿಮ್ಮಲ್ಲಿ ನಡೆಯಬಹುದು.

ಕೆಟ್ಟಾಗ ಯಾರನ್ನು ಬೈಯಬೇಕು

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ಸಲ ಕೆಟ್ಟಾಗ ಯಾಕೆ ಅಂತ ಒಂದು ಸಾಲು ಬರೆದಿದ್ದೇನೆ. ಹೆಚ್ಚಿನ ಸಾಲುಗಳು ಹೀಗಿವೆ.

ಹನಿ ಮುಳುಗಿತು ಅಂದರೆ ಎತ್ತರದಿಂದ ಬಿಟ್ಟಿದ್ದೀರಿ ಅಥವಾ ಪಾಲಿಶ್ ಗಟ್ಟಿ. ಹರಡದೆ ನಿಂತಿತು ಅಂದರೆ ನೀರು ತಣ್ಣಗಿದೆ, ಇಲ್ಲವೇ ಕಪ್ಪಿನಲ್ಲಿ ಸಾಬೂನು. ಎಲ್ಲ ಬಾಟಲಿಗಳೂ ಒಟ್ಟಿಗೆ ಹರಡದಿದ್ದರೆ ನೀರನ್ನು ಬೈಯಿರಿ. ಒಂದೇ ಬಾಟಲಿ ಹರಡದಿದ್ದರೆ ಆ ಬಾಟಲಿಯನ್ನು ಬೈಯಿರಿ. ಮೊದಲೆರಡು ಬೆರಳು ಚೆನ್ನಾಗಿ ಬಂದು ಮೂರನೆಯದರಿಂದ ಹರಡುವುದು ಕಮ್ಮಿಯಾದರೆ ನೀರು ಬದಲಿಸಿ. ಗೆರೆ ಎಳೆಯುವಾಗ ಪೊರೆ ಹರಿದರೆ ತಡ ಮಾಡಿದ್ದೀರಿ, ಅಥವಾ ಫ್ಯಾನ್ ಆರಿಸಿಲ್ಲ. ಉಗುರಿನ ಮೇಲೆ ಗುಳ್ಳೆ ಬಂದರೆ ಇಳಿಸಿದ್ದು ಜೋರಾಯಿತು. ಸಣ್ಣ ಸಣ್ಣ ಬಿಳಿ ತೂತುಗಳು ಕಂಡರೆ ಅಲ್ಲಿ ನೀರಿನ ಹನಿಯೋ ಗಾಳಿಯೋ ಸಿಕ್ಕಿಕೊಂಡಿತ್ತು. ತೂತು ಚಿಕ್ಕದಿದ್ದರೆ ಟೂತ್‌ಪಿಕ್ ತುದಿಯಲ್ಲಿ ಬಣ್ಣ ಮುಟ್ಟಿಸಿ ಮುಚ್ಚಬಹುದು. ದೊಡ್ಡದಿದ್ದರೆ ತೆಗೆದು ಮತ್ತೆ ಮಾಡುವುದೇ ವಾಸಿ. ಪೂರ್ತಿ ಉಗುರಿನಿಂದಲೇ ಪೊರೆ ಜಾರಿಹೋದರೆ ಬಿಳಿಯ ಮೇಲೆ ಜಿಡ್ಡು ಇತ್ತು. ಕಾಯುವ ಅರ್ಧ ಗಂಟೆಯಲ್ಲಿ ತಲೆ ಕೆರೆದುಕೊಂಡಿರಾ, ನೆನಪು ಮಾಡಿಕೊಳ್ಳಿ.

ನೀರು ಬೇಡ ಅನ್ನುವವರಿಗೆ

ಅಮೃತಶಿಲೆಯ ಗೆರೆ ಬೇಕಿದ್ದರೆ: ಬಿಳಿ ಹಚ್ಚಿ ಪೂರ್ತಿ ಒಣಗಿಸಿ. ಬೂದು ಬಣ್ಣವನ್ನು ತೆಳು ಬ್ರಷ್‌ನಲ್ಲಿ ತೆಗೆದುಕೊಂಡು ಓರೆಯಾಗಿ, ನಡುಗುತ್ತಾ, ಕವಲೊಡೆಯುವ ಗೆರೆ ಎಳೆಯಿರಿ. ಇಲ್ಲಿ ಕೈ ನಡುಗಿದಷ್ಟೂ ಲಾಭ, ನೇರ ಗೆರೆ ಕಲ್ಲಿನಲ್ಲಿ ಇರುವುದಿಲ್ಲ. ಒಣಗುವ ಮುಂಚೆ ಇನ್ನೊಂದು ಬ್ರಷ್‌ಗೆ ಅಸಿಟೋನ್ ತಾಗಿಸಿ, ಟಿಶ್ಯೂಗೆ ಒತ್ತಿ ಹಿಂಡಿ, ಗೆರೆಯ ಒಂದು ಪಕ್ಕವನ್ನು ಮಾತ್ರ ಮುಟ್ಟುತ್ತಾ ಹೋಗಿ. ಆ ಪಕ್ಕ ಹೊಗೆಯ ಹಾಗೆ ಹರಡುತ್ತದೆ, ಈ ಪಕ್ಕ ಚೂಪಾಗಿ ಉಳಿಯುತ್ತದೆ. ಬ್ರಷ್ ಒದ್ದೆಯಾಗಿದ್ದರೆ ಕೆಳಗಿನ ಬಿಳಿಯನ್ನೂ ತಿಂದುಹಾಕುತ್ತದೆ. ಒಂದು ಉಗುರಿಗೆ ಎರಡು ಗೆರೆ ದಾಟಬೇಡಿ.

ಇನ್ನೂ ಸುಲಭದ್ದು ಪ್ಲಾಸ್ಟಿಕ್ ಹಾಳೆಯ ವಿಧಾನ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ. ಅದರ ಮೇಲೆ ಟಾಪ್ ಕೋಟ್ ಹಚ್ಚಿ ಒಣಗಿಸಿ, ಎರಡು ಬಣ್ಣ ಸುರಿದು ಟೂತ್‌ಪಿಕ್‌ನಲ್ಲಿ ಸುಳಿ ಎಳೆದು, ಕೆಲವು ಗಂಟೆ ಬಿಡಿ. ಪೂರ್ತಿ ಒಣಗಿದ ಮೇಲೆ ಸ್ಟಿಕರ್ ಹಾಗೆ ಸುಲಿದು ಬರುತ್ತದೆ. ಉಗುರಿಗೆ ಹಸಿ ಟಾಪ್ ಕೋಟ್ ಹಚ್ಚಿ ಅದರ ಮೇಲೆ ಅಂಟಿಸಿ, ಅಂಚನ್ನು ಅಸಿಟೋನ್ ಬ್ರಷ್‌ನಲ್ಲಿ ಕತ್ತರಿಸಿ. ಪೊರೆ ಸ್ವಲ್ಪ ದಪ್ಪ ಅನ್ನಿಸುತ್ತದೆ. ಆದರೆ ಯಾವ ಉಗುರಿಗೆ ಯಾವ ತುಂಡು ಅಂತ ನೀವೇ ಆರಿಸಬಹುದು, ಓಡುವ ಗಡಿಬಿಡಿ ಇಲ್ಲ.

ಮುಗಿದ ಮೇಲೆ

ಕಪ್ಪಿನ ನೀರನ್ನು ಹಾಗೇ ಸಿಂಕಿಗೆ ಸುರಿಯಬೇಡಿ. ಪೊರೆ ಪೈಪಿನೊಳಗೆ ಅಂಟಿಕೊಂಡರೆ ಕಷ್ಟ. ಒಂದು ಗಂಟೆ ಬಿಟ್ಟು, ಒಣಗಿದ ಪೊರೆಯನ್ನು ಟಿಶ್ಯೂನಲ್ಲಿ ಎತ್ತಿ ಕಸಕ್ಕೆ ಹಾಕಿ. ಬಾಟಲಿಗಳ ಬಾಯಿಯನ್ನು ರಿಮೂವರ್ ತಾಗಿಸಿದ ಹತ್ತಿಯಿಂದ ಒರೆಸಿ ಬಿಗಿಯಾಗಿ ಮುಚ್ಚಿ. ಹಾಗೆ ಮಾಡಿದರೆ ಬೇಗ ಗಟ್ಟಿಯಾಗುವುದಿಲ್ಲ.

ನನ್ನ ಉಗುರಿನ ಮೇಲೆ ಇದು ಐದಾರು ದಿನ ಇರುತ್ತದೆ. ತುದಿ ಏಳಲು ಶುರುವಾದಾಗ ಸುಲಿಯೋಕೆ ಹೋಗಬೇಡಿ, ಉಗುರಿನ ಮೇಲಿನ ಪದರವೂ ಜೊತೆಗೆ ಏಳುತ್ತದೆ. ಬೇಸ್, ಎರಡು ಬಿಳಿ, ಪೊರೆ, ಟಾಪ್ ಕೋಟ್, ಒಟ್ಟು ಐದು ಪದರ ಇದೆ. ಸಾದಾ ಪಾಲಿಶ್ ತೆಗೆದ ಹಾಗೆ ಉಜ್ಜಿದರೆ ಬರುವುದಿಲ್ಲ. ರಿಮೂವರ್‌ನಲ್ಲಿ ನೆನೆದ ಹತ್ತಿಯನ್ನು ಉಗುರಿನ ಮೇಲೆ ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು, ಬುಡದಿಂದ ತುದಿಗೆ ಒಂದೇ ಸಲ ಎಳೆಯಿರಿ. ಆಮೇಲೆ ಕೈ ತೊಳೆದು ಉಗುರಿಗೆ, ಸುತ್ತಲಿನ ಚರ್ಮಕ್ಕೆ ಸ್ವಲ್ಪ ಎಣ್ಣೆ ಹಚ್ಚಿ.

ಆ ಗಾಜಿನ ಲೋಟ ಈಗಲೂ ಇದೆ. ಅದರ ತಳಕ್ಕೆ ಮೂರು ಭಾನುವಾರದ ನೀಲಿ ಹನಿಗಳು ಅಂಟಿಕೊಂಡೇ ಇವೆ. ತಂಗಿ ಅದರಲ್ಲಿ ತನ್ನ ಪೆನ್ನುಗಳನ್ನು ಇಟ್ಟುಕೊಂಡಿದ್ದಾಳೆ.